ವ್ಯಸನದ ಎರಡು ಅರ್ಥ

ಕನ್ನಡದಲ್ಲಿ ‘ವ್ಯಸನ’ವೆಂಬ ಮಾತಿಗೆ ಎರಡು ಅರ್ಥಗಳುಂಟು. ಆಪ್ತರ ಮರಣವಾರ್ತೆಯನ್ನು ಕೇಳಿ ವ್ಯಸನಪಟ್ಟೆವು ಎನ್ನುತ್ತೇವೆ. ಜೂಜು, ಸುರೆ ಮೊದಲಾದ ಏಳನ್ನು ಸಪ್ತವ್ಯಸನಗಳೆಂದೂ ಕರೆಯುತ್ತೇವೆ. ಮೊದಲನೆಯದಕ್ಕೆ ಮರುಗುತ್ತೇವೆ, ಎರಡನೆಯದಕ್ಕೆ ಮೂಗು ಮುರಿಯುತ್ತೇವೆ. ಭಾಷೆಯು ಒಂದೇ ಗೂಡಿನಲ್ಲಿ ಇಟ್ಟುಕೊಂಡಿರುವ ಈ ಎರಡು ಅರ್ಥಗಳನ್ನು ನಮ್ಮ ಸಾಹಿತ್ಯವು ಒಂದೇ ಮನುಷ್ಯನಲ್ಲಿ ಕಂಡಿದೆಯೆ? ವರ್ಷಗಟ್ಟಲೆ ಮೈನೋವಿನಿಂದ ಬಳಲುವವನೇ ಕುಡಿತಕ್ಕೋ ಅಫೀಮಿಗೋ ನೋವಿನ ಗುಳಿಗೆಗೋ ಕಟ್ಟುಬಿದ್ದವನೂ ಆಗಿದ್ದರೆ, ಅವನ ಕತೆಯನ್ನು ನಾವು ಹೇಗೆ ಹೇಳಿದ್ದೇವೆ? ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಬಹುದು.

ಮೊದಲು ಶಾಸ್ತ್ರದ ಮಾತು. ಭರತಮುನಿಯು ನಾಟ್ಯಶಾಸ್ತ್ರದಲ್ಲಿ 8 ಸ್ಥಾಯಿಭಾವಗಳನ್ನೂ 33 ವ್ಯಭಿಚಾರಿಭಾವಗಳನ್ನೂ ಎಣಿಸಿರುವನಷ್ಟೆ. ವ್ಯಭಿಚಾರಿಗಳಿಗೆ ಸಂಚಾರಿಗಳೆಂಬ ಹೆಸರೂ ಉಂಟು. ಬಂದು ಹೋಗುವಂಥವು ಎಂದು ಅರ್ಥ. ಆ ಪಟ್ಟಿಯಲ್ಲಿ ‘ಮದ’ವಿದೆ, ‘ಶ್ರಮ’ವಿದೆ, ‘ಗ್ಲಾನಿ’ಯಿದೆ, ‘ವ್ಯಾಧಿ’ಯೂ ಇದೆ. ಕುಡಿದವನನ್ನು ರಂಗದ ಮೇಲೆ ತೋರಿಸುವ ಬಗೆಯನ್ನೂ ಆತನು ಹೇಳಿದ್ದಾನೆ: ಉತ್ತಮ ಪ್ರಕೃತಿಯವನು ಕುಡಿದರೆ ನಿದ್ರೆ ಹೋಗುವನು, ಮಧ್ಯಮನು ನಗುವನು, ಹಾಡುವನು; ಅಧಮನು ಒರಟು ಮಾತನಾಡುವನು, ಅಳುವನು. ವ್ಯಾಧಿಯ ಪ್ರಕರಣದಲ್ಲಿ ಮುಖ್ಯವಾಗಿ ಬರುವುದು ಜ್ವರ. ಅದರಲ್ಲಿ ಚಳಿಯದೊಂದು ಬಗೆ, ಉರಿಯದೊಂದು ಬಗೆ. ಮದವೂ ವ್ಯಾಧಿಯೂ ಪಟ್ಟಿಯಲ್ಲಿ ಬೇರೆ ಬೇರೆಯಾಗಿಯೇ ಕುಳಿತಿವೆ. ಅವೆರಡೂ ಒಂದೇ ಮೈಯಲ್ಲಿ ಮನೆಮಾಡಿದರೆ? ಬಂದುದು ಹೋಗದೆ ನಿಂತೇಬಿಟ್ಟರೆ? ಸಂಚಾರಿಯೆಂದು ಬಗೆದದ್ದು ಸ್ಥಾಯಿಯಾದರೆ? ಒಂದು ರಾತ್ರಿಯಲ್ಲಿ ಮುಗಿಯಬೇಕಾದ ಪ್ರಯೋಗಕ್ಕೆ ಆ ಪ್ರಶ್ನೆ ಏಳಬೇಕಾಗಿರಲಿಲ್ಲ. ಆದರೆ ಮನುಷ್ಯನ ಇಡಿಯ ಬಾಳನ್ನು ಹೇಳಹೊರಡುವ ಕಾದಂಬರಿಕಾರನಿಗೆ ಅದನ್ನು ತಪ್ಪಿಸಿಕೊಳ್ಳಲು ಬರುವುದಿಲ್ಲ.

ಈ ಮಾತನ್ನು ಶೂನ್ಯದಲ್ಲಿ ಬೆಳೆಸುವುದಕ್ಕಿಂತ ಒಂದು ಸೀಮೆಯನ್ನು ಕಣ್ಮುಂದೆ ಇಟ್ಟುಕೊಂಡು ನೋಡುವುದು ಲೇಸು. ಬೆಳಗಾವಿ ಜಿಲ್ಲೆಯ ಗೋಕಾಕ, ಹುಕ್ಕೇರಿ, ಮತ್ತು ಗೋಕಾಕದಿಂದ ಬೇರ್ಪಟ್ಟು ಈಚೆಗೆ ಸ್ವತಂತ್ರ ತಾಲ್ಲೂಕಾದ ಮೂಡಲಗಿ—ಈ ಮೂರನ್ನು ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಒಂದು, ಇದು ಸಾಹಿತ್ಯಕ್ಕೆ ಬಡತನವಿಲ್ಲದ ನೆಲ. ಬೆಟಗೇರಿ ಕೃಷ್ಣಶರ್ಮರ ಬೆಟಗೇರಿ, ಬಸವರಾಜ ಕಟ್ಟೀಮನಿಯವರ ಮಲಾಮರಡಿ ಹಳೆಯ ಗೋಕಾಕ ತಾಲ್ಲೂಕಿನವು. ಚಂದ್ರಶೇಖರ ಕಂಬಾರರ ಘೋಡಗೇರಿ ಹುಕ್ಕೇರಿಯದು. ಶ್ರೀಕೃಷ್ಣ ಪಾರಿಜಾತವನ್ನು ಬೆಳೆಸಿದ ಕುಲಗೋಡ ತಮ್ಮಣ್ಣನವರೂ ಅದಕ್ಕೆ ಮನೆಮಾತಿನ ಪ್ರಸಿದ್ಧಿ ತಂದ ಕೌಜಲಗಿ ನಿಂಗಮ್ಮನವರೂ ಈ ಮಣ್ಣಿನವರೇ. ಎರಡು, ಇದು ಮೈಮುರಿದು ದುಡಿಯುವವರ ನೆಲ. ಗೋಕಾಕದ ಜಲಪಾತದ ಬಳಿ ನೂಲಿನ ಗಿರಣಿ ಎದ್ದುದು 1880ರ ದಶಕದಲ್ಲಿ. ನಿಂತೇ ದುಡಿಯುವ ಪಾಳಿಯ ಕೆಲಸವನ್ನು ಅದು ಇಲ್ಲಿಯವರಿಗೆ ಕಲಿಸಿತು. ಘಟಪ್ರಭೆಯ ಕಾಲುವೆಗಳೂ ಹಿಡಕಲ್ ಜಲಾಶಯವೂ ಕಬ್ಬನ್ನು ತಂದವು. ಕಬ್ಬು ಸಕ್ಕರೆ ಕಾರಖಾನೆಗಳನ್ನು ತಂದಿತು.

ಕಬ್ಬಿನ ವಿಷಯದಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ನಸುಕಿನಿಂದ ಬೈಗಿನವರೆಗೆ ಬಗ್ಗಿ ಕಡಿದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಗಾಡಿಗೆ ಏರಿಸುವವನ ನಡು ನೋಯುವುದು ಆ ಕಬ್ಬಿನಿಂದ. ಕಾರಖಾನೆಯಲ್ಲಿ ಅದೇ ಕಬ್ಬಿನ ರಸದಿಂದ ಸಕ್ಕರೆ ತೆಗೆದ ಮೇಲೆ ಉಳಿಯುವುದು ಕಾಕಂಬಿ, ಕಾಕಂಬಿಯಿಂದ ಮದ್ಯಸಾರ, ಮದ್ಯಸಾರದಿಂದ ಸಾರಾಯಿ. 2007ರಲ್ಲಿ ಸರಕಾರವು ಸಾರಾಯಿಯನ್ನು ನಿಲ್ಲಿಸಿತು, ಕುಡಿಯುವವರು ಬೇರೆ ಬಾಟಲಿಗೆ ತಿರುಗಿದರು. ನೋವನ್ನು ಕೊಟ್ಟ ಬೆಳೆಯೇ ನೋವನ್ನು ಮರೆಸುವ ದ್ರವವಾಗಿ ಅದೇ ಕೈಗೆ ಮರಳುವುದಕ್ಕಿಂತ ದೊಡ್ಡ ವ್ಯಂಗ್ಯವನ್ನು ಯಾವ ನಾಟಕಕಾರನು ಕಲ್ಪಿಸಿಯಾನು?

ಇತಿಹಾಸವೂ ಇಲ್ಲಿ ಒಂದು ಪಾಠ ಹೇಳುತ್ತದೆ. 1956ರವರೆಗೆ ಈ ಸೀಮೆ ಮುಂಬಯಿ ರಾಜ್ಯದಲ್ಲಿತ್ತು. 1949ರ ಮುಂಬಯಿ ಪಾನನಿರೋಧ ಕಾಯಿದೆ ಇಲ್ಲಿಗೂ ಅನ್ವಯಿಸಿತ್ತು. ಆ ಕಾಯಿದೆಯ ಆಡಳಿತದಲ್ಲಿ ಆರೋಗ್ಯದ ಕಾರಣ ತೋರಿಸಿ ಮದ್ಯದ ಪರವಾನಗಿ ಪಡೆಯುವ ಅವಕಾಶವೂ ಇತ್ತು. ವೈದ್ಯರ ಚೀಟಿ ತರಬಲ್ಲವನ ಕುಡಿತ ಔಷಧವೆನಿಸಿತು, ತರಲಾರದವನದು ಅಪರಾಧವೆನಿಸಿತು. ಮೈಯ ನೋವು ಇಬ್ಬರಿಗೂ ಒಂದೇ. ಅದನ್ನು ನಂಬಿಸುವ ಶಕ್ತಿ ಮಾತ್ರ ಒಬ್ಬನಿಗೆ ಇತ್ತು, ಇನ್ನೊಬ್ಬನಿಗೆ ಇರಲಿಲ್ಲ. ಇಲ್ಲಿಯೇ ವಿಷಯವು ಸಾಹಿತ್ಯಕ್ಕೆ ಸಂಬಂಧಿಸುತ್ತದೆ. ಏಕೆಂದರೆ ನೋವನ್ನು ನಂಬಿಸುವುದು ಮಾತಿನ ಕೆಲಸ.

ಮೈಯ ಬೇನೆಯನ್ನು ಹೇಳುವ ಮಾತಿಗೆ ನಮ್ಮಲ್ಲಿ ಕೊರತೆಯಿಲ್ಲ. ಈ ಭಾಗದ ಆಡುನುಡಿಯನ್ನು ಕಿವಿಗೊಟ್ಟು ಕೇಳಬೇಕು. ತಲೆ ‘ಸಿಡಿತೈತಿ’, ಮೊಣಕಾಲು ‘ಜಗ್ಗತೈತಿ’, ಪಕ್ಕೆಯಲ್ಲಿ ‘ಚಳಕ ಹೊಡಿತೈತಿ’, ಕೈಕಾಲು ‘ಹರಿತಾವ’, ನಡು ‘ಹಿಡಕೊಂಡೈತಿ’, ಅಂಗಾಲು ‘ಉರಿತಾವ’. ಒಂದೊಂದೂ ಒಂದೊಂದು ಬಗೆಯ ನೋವು. ಒಂದರ ಜಾಗದಲ್ಲಿ ಇನ್ನೊಂದು ಸಲ್ಲದು. 1975ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್‌ಝಾಕ್ ರೋಗಿಗಳು ನೋವನ್ನು ಬಣ್ಣಿಸುವ ಶಬ್ದಗಳನ್ನು ಕಲೆಹಾಕಿ, ಗುಂಪುಗೂಡಿಸಿ, ವೈದ್ಯರ ಕೈಗೆ ಒಂದು ಪ್ರಶ್ನಾವಳಿಯನ್ನು ಕೊಟ್ಟನು. ರೋಗಿಯ ವಿಶೇಷಣವೇ ವೈದ್ಯನಿಗೆ ಸುಳಿವು ಎಂಬುದು ಅದರ ತಿರುಳು. ನಮ್ಮ ಕೂಲಿಕಾರನು ಯಾವ ಪ್ರಶ್ನಾವಳಿಯೂ ಇಲ್ಲದೆ ಅಷ್ಟೇ ಸೂಕ್ಷ್ಮವಾಗಿ ಹೇಳಬಲ್ಲನು. ಹೇಳುವವರೆಗೂ ಕೇಳುವ ಸಹನೆ ಎದುರಿಗಿರುವವರಿಗೆ ಇರುವುದಿಲ್ಲ, ಅಷ್ಟೆ.

“ಡಾಕ್ಟರ್ ಸಾಹೇಬ್ರ, ನಡಾ ಭಾಳ ಹಿಡದೈತ್ರಿ.”

“ಕುಡೀತೀಯೇನು?”

“ಹೌದ್ರಿ...”

ಸಂಭಾಷಣೆ ಇಲ್ಲಿಗೆ ಮುಗಿಯಿತು. ಮುಂದಿನದೆಲ್ಲ ಬುದ್ಧಿವಾದ. ಮನೆಯಲ್ಲಿ ಹೆಂಡತಿಯ ಮಾತು ಇನ್ನೂ ಚೂಪು: “ನಡಾ ಹಿಡದೈತಿ ಅಂತಾನ, ಅಂಗಡಿ ಹಾದಿ ಹಿಡಿತಾನ.” ಆಕೆಯನ್ನು ತಪ್ಪೆನ್ನುವಂತಿಲ್ಲ, ಎಷ್ಟು ಸಂತೆಗಳ ಹಣ ಅಂಗಡಿ ಸೇರಿದ್ದನ್ನು ಆಕೆ ಕಂಡವಳು. ಆದರೆ ಆಕೆಯ ಮಾತಿನಲ್ಲಿ ಎರಡು ನಿಜಗಳಿವೆ, ಕೇಳಿದವರು ಒಂದನ್ನು ಮಾತ್ರ ಎತ್ತಿಕೊಳ್ಳುತ್ತಾರೆ. ಅಂಗಡಿಯ ಹಾದಿ ಹಿಡಿಯುವುದೂ ನಿಜ. ನಡು ಹಿಡಿದಿರುವುದೂ ನಿಜ.

ಈಗ ನಮ್ಮ ಕೃತಿಗಳ ಕಡೆಗೆ ಬರೋಣ. ಪಾರಿಜಾತದ ಸತ್ಯಭಾಮೆಯ ಬೇನೆಯನ್ನು ನೋಡಿರಿ. ಹೂವು ರುಕ್ಮಿಣಿಯ ಪಾಲಾಯಿತೆಂಬ ಕಾರಣಕ್ಕೆ ಆಕೆಗೆ ಊಟ ಸೇರದು, ನಿದ್ರೆ ಬಾರದು, ಮೈಯೆಲ್ಲ ಉರಿ. ಈ ವಿರಹಕ್ಕೆ ರಾತ್ರಿಯಿಡೀ ಹಾಡುಂಟು, ಮಾತುಂಟು, ಸಂತೈಸಲು ಸಖಿಯುಂಟು, ಸಾವಿರ ಜನ ಪ್ರೇಕ್ಷಕರ ಮರುಕವುಂಟು. ಬೆಳಗಾಗುವುದರೊಳಗೆ ಕೃಷ್ಣನು ಬಂದು ಅದನ್ನು ವಾಸಿಮಾಡುತ್ತಾನೆ. ಅದೇ ಪ್ರೇಕ್ಷಕರಲ್ಲಿ ಹಿಂದಿನ ಸಾಲಿನಲ್ಲಿ ಗೋಡೆಗೊರಗಿ ಕುಳಿತವನ ಬೆನ್ನಿನ ಬೇನೆ ಮಾತ್ರ ಬೆಳಗಾಗುತ್ತಲೇ ಮತ್ತೆ ಮೊದಲಾಗುವಂಥದು. ಇದು ಪಾರಿಜಾತದ ದೋಷವಲ್ಲ. ಅದು ಶೃಂಗಾರದ ಆಟ, ತನ್ನ ಕೆಲಸವನ್ನು ಸೊಗಸಾಗಿ ಮಾಡುತ್ತದೆ. ಮನಸ್ಸಿನ ನೋವಿಗೆ ಅಷ್ಟೊಂದು ರಾಗಗಳನ್ನು ಕಟ್ಟಿಕೊಟ್ಟ ಪರಂಪರೆಯು ದುಡಿದ ಮೈಯ ನೋವಿಗೆ ಏಕೆ ಕಟ್ಟಿಕೊಡಲಿಲ್ಲ ಎಂಬುದಷ್ಟೇ ನಮ್ಮ ವಿಚಾರ. ಹೆಂಗಸರಾದರೋ ಈ ವಿಷಯದಲ್ಲಿ ಜಾಣರು. ಬೀಸುವ ಕಲ್ಲಿನ ಹಾಡು ರಟ್ಟೆಯ ನೋವಿಗೆ ತಾವೇ ಕಂಡುಕೊಂಡ ಮದ್ದು. ಹಾಡಿಗೂ ಬಗ್ಗದ ಹಲ್ಲುನೋವಿಗೆ ಅವರು ತಂಬಾಕಿನ ಪುಡಿಯನ್ನು ಹಿಡಿದರು. ಹಲ್ಲುನೋವು ಕಡಮೆಯಾದರೂ ಪುಡಿ ಬಿಡಲಿಲ್ಲ. ಇದೂ ವ್ಯಸನವೇ, ಆದರೆ ಗಂಡಸರ ಕುಡಿತದಂತೆ ಬೀದಿಗೆ ಬೀಳದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ.

ಕುಡುಕನನ್ನು ನಮ್ಮ ಸಾಹಿತ್ಯ ಕಾಣದೆ ಬಿಟ್ಟಿದೆ ಎಂದಲ್ಲ. ಜಿ. ಪಿ. ರಾಜರತ್ನಂ ಅವರ ರತ್ನನಿಗಿಂತ ಪ್ರಿಯನಾದ ಕುಡುಕನು ಯಾವ ಭಾಷೆಯಲ್ಲಿದ್ದಾನು? ಅವನ ಹೆಂಡ ಅವನ ನಾಲಗೆಯನ್ನು ಬಿಡಿಸುತ್ತದೆ; ನಂಜಿಯ ಮೇಲಣ ಪ್ರೀತಿಯೂ ಕನ್ನಡದ ಮೇಲಣ ಅಭಿಮಾನವೂ ಆ ಬಿಚ್ಚುನಾಲಗೆಯಿಂದ ಹೊಮ್ಮುತ್ತವೆ. ಭರತನ ಪಟ್ಟಿಯಂತೆ ಇವನು ಹಾಡುವ ಮಧ್ಯಮ; ಆದರೆ ಕವಿ ಅವನನ್ನು ಉತ್ತಮನಾಗಿಸಿದ್ದಾನೆ. ಅದು ಆ ಪದಗಳ ದೊಡ್ಡ ಗೆಲುವು. ರತ್ನನ ನೆನಪಿನಲ್ಲಿ ನಮಗೆ ಉಳಿಯುವುದು ಅವನ ಮಾತು; ಮರುದಿನ ಬೆಳಗಿನ ಅವನ ಮೈಯಲ್ಲ.

ಮೈಗೆ ಇನ್ನಷ್ಟು ಹತ್ತಿರ ಬಂದವರು ಶಿವರಾಮ ಕಾರಂತರು. 1933ರ ‘ಚೋಮನ ದುಡಿ’ಯಲ್ಲಿ ಚೋಮನು ಕುಡಿಯುತ್ತಾನೆ, ದುಡಿ ಬಾರಿಸುತ್ತಾನೆ. ಎರಡಕ್ಕೂ ಕಾರಣ ಒಂದೇ: ಹೊಲವನ್ನು ಉಳಬೇಕೆಂಬ ಆಸೆ ಈಡೇರದ, ಮಕ್ಕಳು ಒಬ್ಬೊಬ್ಬರಾಗಿ ಕೈಬಿಟ್ಟುಹೋಗುವ ಸಂಕಟ. ಕಾರಂತರು ಚೋಮನಿಗೆ ನೀತಿಪಾಠ ಹೇಳುವುದಿಲ್ಲ, ಅವನ ಕುಡಿತವನ್ನು ಚಂದಗಾಣಿಸುವುದೂ ಇಲ್ಲ. ಕುಡಿತವು ಅವನ ಸಾಲವನ್ನು ಬೆಳೆಸುವುದನ್ನು ಬಿಡದೆ ತೋರಿಸುತ್ತಾರೆ. ಕನ್ನಡದಲ್ಲಿ ವ್ಯಸನದ ಎರಡು ಅರ್ಥಗಳೂ ಒಬ್ಬನಲ್ಲಿ ಸೇರಿದ ಶ್ರೇಷ್ಠ ಉದಾಹರಣೆ ಇದೇ ಎನ್ನಬೇಕು. ಆದರೆ ಇಲ್ಲಿಯೂ ಪ್ರಧಾನವಾದುದು ಮನಸ್ಸಿನ ಸಂಕಟ.

ಬೆಳಗಾವಿ ಸೀಮೆಯ ಓದುಗರಿಗೆ ನೆರೆಯ ಮರಾಠಿ ರಂಗಭೂಮಿ ಅಪರಿಚಿತವಲ್ಲ. ರಾಮ ಗಣೇಶ ಗಡಕರಿಯವರ ‘ಏಕಚ್ ಪ್ಯಾಲಾ’ ನಾಟಕವು 1919ರಲ್ಲಿ ರಂಗಕ್ಕೆ ಬಂದಿತು. ನ್ಯಾಯವಾದಿ ಸುಧಾಕರನು ಅಭಿಮಾನಭಂಗವಾದ ಗಳಿಗೆಯಲ್ಲಿ, ತಳೀರಾಮನ ಮಾತಿಗೆ ಒಂದೇ ಒಂದು ಬಟ್ಟಲು ಕುಡಿಯುತ್ತಾನೆ; ಆ ಒಂದರಿಂದ ಮನೆ ಮುಳುಗುತ್ತದೆ; ಸಾಧ್ವಿ ಸಿಂಧು ಸಾಯುತ್ತಾಳೆ, ಅವನೂ ಸಾಯುತ್ತಾನೆ. ಕುಡಿತದ ಮೇಲಿನ ನಮ್ಮ ಅನೇಕ ನಾಟಕ, ಚಲಚ್ಚಿತ್ರಗಳು ಇದೇ ಜಾಡಿನಲ್ಲಿ ನಡೆದಿವೆ. ಇವುಗಳ ಗಮನವೆಲ್ಲ ಮೊದಲನೆಯ ಬಟ್ಟಲಿನ ಮೇಲೆ. ನೋವುಳ್ಳವನ ಬಾಳಿನ ಪ್ರಶ್ನೆಯಾದರೋ ಸಾವಿರದ ಬಟ್ಟಲಿನದು, ಮತ್ತು ಬಟ್ಟಲಿಲ್ಲದ ರಾತ್ರಿಯದು. ಶರಚ್ಚಂದ್ರರ ದೇವದಾಸನಿಗೂ ಕೊನೆಯಲ್ಲಿ ಮೈ ಕೆಡುತ್ತದೆ. ಆದರೆ ಆ ಕಾಯಿಲೆ ಪ್ರೇಮಭಂಗದ ಕತೆಗೆ ತೆತ್ತ ಬೆಲೆಯಾಗಿ ಬರುತ್ತದೆ, ಸ್ವತಂತ್ರವಾದ ಅನುಭವವಾಗಿ ಅಲ್ಲ.

ಕುಡುಕನ ಮೈನೋವನ್ನು ಹೀಗೆ ಫಲವನ್ನಾಗಿ, ಶಿಕ್ಷೆಯನ್ನಾಗಿ ಮಾತ್ರ ಕಾಣುವುದು ನಮ್ಮ ರೂಢಿ. ಅದು ಕಾರಣವೂ ಆಗಿರಬಹುದೆಂಬುದನ್ನು ತೋರಿಸಿದ ಲೇಖಕರನ್ನು ಹುಡುಕಿದರೆ ಪರದೇಶಗಳಿಗೆ ಹೋಗಬೇಕಾಗುತ್ತದೆ. 1821ರಲ್ಲಿ ಇಂಗ್ಲಿಷ್ ಲೇಖಕ ಡಿ ಕ್ವಿನ್ಸಿ ತನ್ನ ಅಫೀಮಿನ ಆತ್ಮನಿವೇದನೆಯನ್ನು ಪ್ರಕಟಿಸಿದನು. ಅವನು ಮೊದಲು ಅಫೀಮನ್ನು ಮುಟ್ಟಿದ್ದು ಮುಖದ ವಾತದ ನೋವಿಗಾಗಿ. ದಿನಬಳಕೆಗೆ ಇಳಿದದ್ದು ಹೊಟ್ಟೆಯ ಬೇನೆಗಾಗಿ. ಅವನ ಗದ್ಯದ ವೈಭವವು ಕನಸುಗಳಿಗೆ ಹೋಯಿತು, ಓದುಗರ ಮನಸ್ಸೂ ಕನಸುಗಳಿಗೆ ಹೋಯಿತು, ಬೇನೆಯನ್ನು ಮರೆತೆವು.

ಮರೆಯದವನು ವಿಲ್ಕಿ ಕಾಲಿನ್ಸ್. 1868ರ ಅವನ ‘ಮೂನ್‌ಸ್ಟೋನ್’ ಕಾದಂಬರಿಯನ್ನು ಪತ್ತೇದಾರಿ ಕತೆಯೆಂದು ಓದಿ ಬದಿಗಿಡುವವರೇ ಬಹಳ. ಅದರಲ್ಲಿ ಎಝ್ರಾ ಜೆನಿಂಗ್ಸ್ ಎಂಬ ಒಬ್ಬ ವೈದ್ಯಸಹಾಯಕನಿದ್ದಾನೆ. ವಾಸಿಯಾಗದ ಒಳಬೇನೆಯುಳ್ಳವನು, ವರ್ಷಗಳಿಂದ ಅಫೀಮಿನ ಮೇಲೆ ನಿಂತವನು. ರೂಪವೂ ವಿಚಿತ್ರ, ಊರಿಗೆಲ್ಲ ಅವನ ಮೇಲೆ ಸಂಶಯ. ಕಳೆದ ವಜ್ರದ ರಹಸ್ಯ ಬಿಡಿಸಲು ಬುದ್ಧಿವಂತರೆಲ್ಲರೂ ಸೋತಾಗ, ಬಿಡಿಸುವವನು ಇವನೇ. ತನಗೆ ತಿಳಿಯದೆಯೇ ಅಫೀಮು ಸೇವಿಸಿದ ಇನ್ನೊಬ್ಬನು ಏನು ಮಾಡಿರಬಹುದೆಂಬುದು ಅಫೀಮನ್ನು ಮೈಯಲ್ಲಿ ಬಲ್ಲವನಿಗೇ ಹೊಳೆಯುತ್ತದೆ. ಅವನ ದಿನಚರಿಯಲ್ಲಿ ಎರಡು ಭಯಗಳು ಹೋರಾಡುತ್ತವೆ: ಅಫೀಮು ತೆಗೆದುಕೊಂಡರೆ ಭೀಕರ ಸ್ವಪ್ನಗಳು, ಬಿಟ್ಟರೆ ಬೇನೆ. ಲೋಕವು ಯಾರ ಮಾತನ್ನು ನಂಬದೋ ಅವನನ್ನೇ ಸತ್ಯದ ಸಾಕ್ಷಿಯನ್ನಾಗಿ ನಿಲ್ಲಿಸಿದ್ದು ಕಾಲಿನ್ಸನ ಹಿರಿಮೆ. ವಾತದ ನೋವಿಗಾಗಿ ಅಫೀಮಿನ ದ್ರಾವಣವನ್ನು ಕುಡಿಯುತ್ತ ಬರೆದವನಾದ್ದರಿಂದ ಈ ಪಾತ್ರದಲ್ಲಿ ಹುಸಿಯಿಲ್ಲ.

ಅಮೆರಿಕದ ಯೂಜೀನ್ ಓನೀಲ್‌ನದು ಇನ್ನೂ ಕಠಿನವಾದ ಸತ್ಯ. ಅವನ ಮರಣಾನಂತರ 1956ರಲ್ಲಿ ಪ್ರಕಟವಾದ ‘ಲಾಂಗ್ ಡೇಸ್ ಜರ್ನಿ ಇಂಟು ನೈಟ್’ ನಾಟಕವು ನಡೆಯುವುದು ಒಂದೇ ದಿನದಲ್ಲಿ, 1912ರ ಆಗಸ್ಟಿನಲ್ಲಿ. ತಾಯಿ ಮೇರಿಗೆ ಕಿರಿಮಗನ ಹೆರಿಗೆಯ ನಂತರದ ನೋವಿಗೆ ಅಗ್ಗದ ವೈದ್ಯನೊಬ್ಬನು ಮಾರ್ಫಿನ್ ಕೊಟ್ಟನು. ಅದು ಅವಳನ್ನು ಬಿಡಲಿಲ್ಲ. ಈಗ ಅವಳ ಕೈಬೆರಳುಗಳಲ್ಲಿ ಸಂಧಿವಾತ. ಕೈ ನೋಯುತ್ತದೆಂದು ಅವಳು ಹೇಳಿದಾಗಲೆಲ್ಲ ಗಂಡನೂ ಮಕ್ಕಳೂ ಮುಖ ಮುಖ ನೋಡಿಕೊಳ್ಳುತ್ತಾರೆ: ನಿಜವೋ, ನೆಪವೋ? ನಾಟಕಕಾರನು ಉತ್ತರ ಕೊಡುವುದಿಲ್ಲ. ಏಕೆಂದರೆ ನಿಜವೂ ಹೌದು, ನೆಪವೂ ಹೌದು. ಸುಳ್ಳು ಹೇಳುವ ಬಾಯೇ ನೋವನ್ನೂ ಹೇಳಬೇಕಾಗಿದೆ. ಅನುಮಾನಿಸುವವರಲ್ಲಿ ಪ್ರೀತಿಯಿಲ್ಲವೆಂದೂ ಅಲ್ಲ. ಪ್ರೀತಿಯೂ ಅನುಮಾನವೂ ಒಂದೇ ನೋಟದಲ್ಲಿ ಬೆರೆತಿರುವ ಮನೆ ಅದು. ಹುಕ್ಕೇರಿಯ ಹೆಂಡತಿಯ ಚೂಪು ಮಾತೂ ಆ ಮನೆಯಿಂದಲೇ ಬಂದುದಲ್ಲವೆ?

ಇಂದಿನ ವೈದ್ಯಶಾಸ್ತ್ರವು ಈ ಲೇಖಕರ ಕಾಣ್ಕೆಯನ್ನು ತನ್ನ ಮಾತಿನಲ್ಲಿ ಒಪ್ಪುತ್ತದೆ. 3 ತಿಂಗಳಿಗೂ ಮೀರಿ ಉಳಿದ ಅಥವಾ ಮರುಕಳಿಸುವ ನೋವನ್ನು ದೀರ್ಘಕಾಲದ ನೋವೆನ್ನುತ್ತಾರೆ. ಗಾಯ ಮಾಯ್ದ ಮೇಲೂ ನರಗಳು ಕೂಗುತ್ತಲೇ ಇರಬಹುದು. ಮದ್ಯವು ಕೆಲವು ಗಂಟೆ ನೋವನ್ನು ಮಂಕು ಮಾಡುವುದು ದಿಟ. ಆದರೆ ದಿನ ಕಳೆದಂತೆ ಅಷ್ಟೇ ಮಂಕಿಗೆ ಹೆಚ್ಚು ಹೆಚ್ಚು ಮದ್ಯ ಬೇಕು. ಜೊತೆಗೆ ಅದೇ ಮದ್ಯವು ಕಾಲಿನ ನರಗಳನ್ನು ತಿಂದು ಅಂಗಾಲಿಗೆ ಉರಿಯನ್ನು ಹಚ್ಚುತ್ತದೆ, ಮೇದೋಜೀರಕ ಗ್ರಂಥಿಗೆ ಬಾವು ತಂದು ಹೊಟ್ಟೆಯಲ್ಲಿ ಶೂಲೆಯನ್ನು ಎಬ್ಬಿಸುತ್ತದೆ. ಅಫೀಮಿನ ಜಾತಿಯ ಔಷಧಗಳನ್ನು ಬಹುಕಾಲ ಸೇವಿಸಿದವರಲ್ಲಿ ನೋವಿನ ಅರಿವೇ ಹರಿತವಾಗುವುದುಂಟು. ಬಿಟ್ಟಾಗಲಂತೂ ಇಷ್ಟು ದಿನ ಒತ್ತಿಟ್ಟಿದ್ದ ನೋವು ಬಡ್ಡಿಸಹಿತ ಎದ್ದು ಬರುತ್ತದೆ. ಆದುದರಿಂದ ಇಬ್ಬರನ್ನು ಬೇರೆ ಬೇರೆ ಬಾಗಿಲಿಗೆ ಕಳಿಸದೆ, ನೋವಿಗೂ ಚಟಕ್ಕೂ ಒಟ್ಟಿಗೇ ಚಿಕಿತ್ಸೆ ನಡೆಯಬೇಕೆಂಬುದು ಬಲ್ಲವರ ಮತ. ನೋವಿನ ಅಂತರರಾಷ್ಟ್ರೀಯ ಅಧ್ಯಯನ ಸಂಘವು 1979ರಲ್ಲಿ ಮಾಡಿದ್ದ ವ್ಯಾಖ್ಯೆಯನ್ನು 2020ರಲ್ಲಿ ಪರಿಷ್ಕರಿಸಿದಾಗ, ನೋವಿದೆಯೆಂದು ಹೇಳುವವನ ಮಾತನ್ನು ಗೌರವಿಸಬೇಕೆಂದು ಟಿಪ್ಪಣಿಯಲ್ಲಿ ಸೇರಿಸಿತು. ಶಾಸ್ತ್ರವೊಂದು ಇಂಥ ಮಾತನ್ನು ಬರೆದಿಡಬೇಕಾಗಿ ಬಂತೆಂದರೆ ಅದುವರೆಗೆ ಆ ಗೌರವ ಎಷ್ಟು ಕಡಮೆಯಿತ್ತೆಂಬುದನ್ನು ಊಹಿಸಬಹುದು.

ಮರಳಿ ನಮ್ಮ ಸಾಹಿತ್ಯಕ್ಕೆ. ಕುಡಿತದ ಕತೆಗೆ ನಾವು ಎರಡೇ ಮುಕ್ತಾಯಗಳನ್ನು ಇಟ್ಟುಕೊಂಡಿದ್ದೇವೆ: ಸರ್ವನಾಶ, ಇಲ್ಲವೆ ಪ್ರತಿಜ್ಞೆ. ಒಂದರಲ್ಲಿ ಹೆಣ ಬೀಳುತ್ತದೆ, ಇನ್ನೊಂದರಲ್ಲಿ ದೇವರ ಮುಂದೆ ಆಣೆಯಾಗುತ್ತದೆ. ಎರಡರಲ್ಲಿಯೂ ಪರದೆ ಇಳಿಯುತ್ತದೆ. ಮದ್ಯವರ್ಜನ ಶಿಬಿರದಿಂದ ಹಾರ ಹಾಕಿಸಿಕೊಂಡು ಊರಿಗೆ ಬಂದವನನ್ನು ನೆನೆಯಿರಿ. ಅವನ ಸಂಕಲ್ಪ ಹುಸಿಯಲ್ಲ. ಮನೆಯವರ ಆನಂದವೂ ಹುಸಿಯಲ್ಲ. ಅಂಥ ಶಿಬಿರಗಳಿಂದ ಬದುಕಿಕೊಂಡವರು ಉಂಟು. ಆದರೆ ಸುಗ್ಗಿ ಬಂದಿದೆ, ಅವನು ಮತ್ತೆ ಕಬ್ಬಿಗೆ ಬಗ್ಗಬೇಕು. ನಡುವಿನಲ್ಲಿ ಹಳೆಯ ಚಳಕು ಎದ್ದಿದೆ. ಈಗ ಅದನ್ನು ಯಾರಿಗೆ ಹೇಳಬೇಕು? ಹೇಳಿದರೆ, ಮತ್ತೆ ಕುಡಿಯಲು ನೆಪ ಹುಡುಕುತ್ತಿದ್ದಾನೆ ಎನ್ನುತ್ತಾರೆ. ಹೇಳದಿದ್ದರೆ ರಾತ್ರಿ ಸರಿಯದು. ಆ ರಾತ್ರಿಯೇ ಕಾದಂಬರಿ. ಆಣೆಗೂ ಮುರಿದ ಆಣೆಗೂ ನಡುವೆ ಇರುವ ಈ ಅವಧಿಯನ್ನು ಬರೆಯಲು ವೀರವೂ ಸಾಲದು, ಕರುಣವೂ ಸಾಲದು. ಸ್ಥಾಯಿಯಾಗಿ ನಿಂತ ಸಂಚಾರಿಯನ್ನು ಹಿಡಿಯಬಲ್ಲ ಹೊಸ ತಾಳ್ಮೆ ಬೇಕು.

ಅದಕ್ಕೆ ಸಾಮಗ್ರಿ ನಮ್ಮಲ್ಲಿದೆ. ದುಡಿಯುವವರ ಪರವಾಗಿ ನಿಂತು ನೇರವಾಗಿ ಬರೆದ ಕಟ್ಟೀಮನಿಯವರ ಧೈರ್ಯ ಈ ಸೀಮೆಯ ಆಸ್ತಿ. ಜಾನಪದವನ್ನು ಪ್ರೀತಿಯಿಂದ ಕಾಪಾಡಿದ ಬೆಟಗೇರಿಯವರ ಕಿವಿ ಇದೆ. ಆಡುನುಡಿಯನ್ನು ಕಾವ್ಯಕ್ಕೂ ನಾಟಕಕ್ಕೂ ಏರಿಸಿ, 2010ನೆಯ ಸಾಲಿನ ಜ್ಞಾನಪೀಠದವರೆಗೆ ಕೊಂಡೊಯ್ದ ಕಂಬಾರರ ಉದಾಹರಣೆ ಕಣ್ಣೆದುರಿಗಿದೆ. ಇವರ ಬೆನ್ನಿಗೆ ಬರುವ ಲೇಖಕನು ಮಾಡಬೇಕಾದುದು ಹೆಚ್ಚಿನದೇನಲ್ಲ. ಕುಡುಕನನ್ನು ನಗಿಸಲೂ ಬೇಡ, ಉದ್ಧರಿಸಲೂ ಬೇಡ. ಕುಡಿಯುತ್ತೀಯೇನು ಎಂದು ಕೇಳಿದ ಮೇಲೆ ಇನ್ನೂ ಒಂದು ಪ್ರಶ್ನೆ ಕೇಳಿದರೆ ಸಾಕು: ಎಲ್ಲಿ ನೋಯುತ್ತದೆ, ಎಂದಿನಿಂದ? ಅವನು ಹೇಳುವ ಉತ್ತರದಲ್ಲಿ ಸುಳ್ಳು ಬೆರೆತಿದ್ದರೆ ಅದನ್ನೂ ಬರೆಯಲಿ, ಓನೀಲ್ ಬರೆಯಲಿಲ್ಲವೆ? ಹಾಗೆ ಬರೆದ ಒಂದು ಕತೆಯನ್ನು ಓದಿದ ವೈದ್ಯನು, ಓದಿದ ಮಗನು, ಮುಂದೆ ಅಂಥವನೊಬ್ಬನು “ನಡಾ ಹಿಡದೈತ್ರಿ” ಎಂದಾಗ ಅರ್ಧಕ್ಕೇ ಮುಖ ತಿರುಗಿಸಲಾರನು. ಸಾಹಿತ್ಯದಿಂದ ನೋವು ವಾಸಿಯಾಗುವುದಿಲ್ಲ. ನೋವುಳ್ಳವನ ಮಾತನ್ನು ಕೊನೆಯವರೆಗೆ ಕೇಳುವ ಅಭ್ಯಾಸವನ್ನಾದರೂ ಅದು ಕಲಿಸಬಲ್ಲದು. ಗೋಕಾಕ, ಹುಕ್ಕೇರಿ, ಮೂಡಲಗಿಯ ಕಡೆಯಿಂದ ಅಂಥ ಕತೆಯೊಂದು ಬರಲೆಂದು ಓದುಗರು ಕಾಯಬಹುದು.